ಮಿಸ್ತ್ರಿ ಬರುವ ಮೊದಲು

ಬೆಳಗಾವಿಯ ತಿಲಕವಾಡಿಯಲ್ಲಿ ಅಣ್ಣನ ಮನೆಯಂಗಳದಲ್ಲಿರುವುದು ಮಾರುತಿ ಜಿಪ್ಸಿ. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ನಾನು ಓಡಿಸುವುದು ಸುಜುಕಿ ಸಾಮುರಾಯ್. ಎರಡೂ ಒಂದೇ ತಾಯಿಯ ಮಕ್ಕಳು. 1985ರಲ್ಲಿ ಭಾರತದ ರಸ್ತೆಗಿಳಿದ ಜಿಪ್ಸಿಯ ಚಾಸಿ ತುಸು ಉದ್ದ ಎಂಬುದನ್ನು ಬಿಟ್ಟರೆ ಕುಲುಕಾಟ ತಡೆಯುವ ಪಾಟಾ, ಚಕ್ರಗಳನ್ನು ಹೊತ್ತ ಆಕ್ಸಲ್, ಫೋರ್‌ವ್ಹೀಲ್ ಗೇರ್ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯವು. ಹೀಗಾಗಿ ಎರಡು ಊರುಗಳಲ್ಲಿ ಅವುಗಳ ಬಾಳಿಕೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಗಾಡಿ ಕಾರಣವಲ್ಲ, ನಾವು ಕಾರಣ ಎಂದು ನನಗೆ ಖಚಿತವಾಗಿದೆ.

ಕೌಶಲದ ಮಾತು ಬಂದರೆ ಬೆಳಗಾವಿಗೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾದ ಅಗತ್ಯವಿಲ್ಲ. ಇದು ಫೌಂಡ್ರಿಗಳ, ಲೇಥ್‌ಗಳ ಊರು. ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಸವೆದ ಬುಷ್ (ತಿರುಗುವ ಭಾಗಕ್ಕೆ ಆಸರೆಯಾದ ಬಳೆ) ಒಂದನ್ನು ಕೈಗಿಟ್ಟರೆ ಅಳತೆ ತೆಗೆದು ಗನ್‌ಮೆಟಲ್ ಎಂಬ ಮಿಶ್ರಲೋಹದಲ್ಲಿ ಹೊಸದನ್ನು ಕಡೆದು ಕೊಡುವವರಿದ್ದಾರೆ. ನಾನಿರುವ ಕಡೆ ಸವೆದ ಭಾಗಕ್ಕೆ ಒಂದೇ ಉತ್ತರ: ಹೊಸದನ್ನು ತರಿಸಿರಿ. ಗ್ಯಾರೇಜಿನ ಕೂಲಿ ಗಂಟೆಗೆ ನೂರು ಯೂರೋ ದಾಟುವುದು ಅಲ್ಲಿ ಸಾಮಾನ್ಯ. ಜರ್ಮನ್ನರು ಶನಿವಾರ ಹಳೆಯ ಬಟ್ಟೆ ತೊಟ್ಟು ಗಾಡಿಯ ಕೆಳಗೆ ಮಲಗುವುದಕ್ಕೆ ಮೊದಲ ಕಾರಣ ಈ ಖರ್ಚೇ ಹೊರತು ಯಾವ ಆದರ್ಶವೂ ಅಲ್ಲ. ಆದರೆ ಕಾರಣ ಏನೇ ಇರಲಿ, ಅದರಿಂದ ಬಂದ ಅಭ್ಯಾಸ ಒಳ್ಳೆಯದು. ಅಧ್ಯಾಪಕ, ವೈದ್ಯ, ಗುಮಾಸ್ತ ಯಾರೇ ಆಗಲಿ, ತನ್ನ ಗಾಡಿಯ ಎಣ್ಣೆ ಎಲ್ಲಿ ಜಿನುಗುತ್ತಿದೆ ಎಂಬುದನ್ನು ತಾನೇ ಬಲ್ಲ.

ನಮ್ಮಲ್ಲಿ ಹಾಗಿಲ್ಲ. "ಮಿಸ್ತ್ರಿ ಇರುವಾಗ ನೀನೇಕೆ ಕೈ ಹೊಲಸು ಮಾಡಿಕೊಳ್ಳುತ್ತೀ?" ಎಂಬ ಮಾತನ್ನು ಮನೆಯ ಹಿರಿಯರಿಂದ ಕೇಳದವರು ಕಡಿಮೆ. ಪ್ರೀತಿಯ ಮಾತೇ ಅದು. ಆದರೂ ಅದರೊಳಗೆ ಗ್ರೀಸ್ ಮುಟ್ಟುವ ಕೆಲಸ ನಮ್ಮದಲ್ಲ, ಇನ್ನಾರದೋ ಎಂಬ ಹಳೆಯ ಮೇಲುಕೀಳಿನ ಎಣಿಕೆ ಕುಳಿತಿದೆ. ಇದನ್ನು ನಾವು ಬಿಡಬೇಕು. ಮಿಸ್ತ್ರಿಯ ಅನ್ನ ಕಸಿದುಕೊಳ್ಳುವ ಪ್ರಶ್ನೆ ಇದಲ್ಲ. ಮುರಿದದ್ದನ್ನು ಕೂಡಿಸುವುದು ಅವರ ಕೆಲಸ, ಮುರಿಯುವ ಮೊದಲು ಕಾಣುವುದು ಮಾಲೀಕನ ಕೆಲಸ. ದಿನವೂ ಗಾಡಿಯ ಜೊತೆಗಿರುವವನು ನೋಡದಿದ್ದನ್ನು ಆರು ತಿಂಗಳಿಗೊಮ್ಮೆ ಬರುವವರು ಹೇಗೆ ನೋಡಬೇಕು?

ಒಂದು ಉದಾಹರಣೆ ಕೊಡುತ್ತೇನೆ. ಜಾಂಬೋಟಿ, ಕಣಕುಂಬಿಯ ಕಡೆ ಮಳೆಗಾಲದಲ್ಲಿ ಹಳ್ಳ ದಾಟುವವರಿಗೆ ಇದು ತಿಳಿದಿರಲೇಬೇಕು. ಆಕ್ಸಲ್ಲಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಕಿಂಡಿ ಇರುತ್ತದೆ. ಓಡಿ ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಕಿಂಡಿಗೆ ಕೆಸರು ಮೆತ್ತಿದ್ದರೆ ಹೊರಗಿನ ಗಾಳಿ ಒಳಬರಲಾರದು, ಆಗ ಆಕ್ಸಲ್, ಎಣ್ಣೆ ಸೋರದಂತೆ ತಡೆಯುವ ಸೀಲುಗಳ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಗೇರ್ ಎಣ್ಣೆ ಬೆಳ್ಳಗಾಗಿ ಹಾಲಿನಂತೆ ಕಾಣುವುದು ಇದರಿಂದಲೇ. ಹಾಗೆಯೇ ಓಡಿಸುತ್ತ ಹೋದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಆಕ್ಸಲ್ಲಿನೊಳಗಿನ ದೊಡ್ಡ ಗೇರಾದ ಕ್ರೌನಿನ ಹಲ್ಲು ಸವೆಯುತ್ತದೆ, ಕಡೆಗೊಂದು ದಿನ ಊಳಿಡುವ ಸದ್ದು ಏಳುತ್ತದೆ. ಆ ಸದ್ದು ಕೇಳಿ ಮಿಸ್ತ್ರಿಯನ್ನು ಕರೆಯುವಷ್ಟರಲ್ಲಿ ಖರ್ಚು ಸಾವಿರಗಳಲ್ಲಿರುತ್ತದೆ. ಮಳೆಗಾಲಕ್ಕೆ ಮುಂಚೆ ಬ್ರೀದರ್ ಬಿಚ್ಚಿ ತೊಳೆದು, ಒಂದು ರಬ್ಬರ್ ನಳಿಕೆ ಜೋಡಿಸಿ ಅದರ ತುದಿಯನ್ನು ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟಿದ್ದರೆ ಸಾಕಿತ್ತು. ಒಂದು ಪಾನಾ, ಒಂದು ಗಜ ನಳಿಕೆ, ಅರ್ಧ ದಿನ.

ಮುಂದಿನ ಚಕ್ರದ ಒಳಬದಿಯಲ್ಲಿ ಕಪ್ಪು ತೆಳ್ಳನೆಯ ಎಣ್ಣೆ ಇಳಿಯುತ್ತಿದ್ದರೆ ಅದೂ ಒಂದು ಮುನ್ಸೂಚನೆ. ಒಳಗಿನ ಸೀಲು ಸೋತು ಗೇರ್ ಎಣ್ಣೆ ಗ್ರೀಸಿನೊಡನೆ ಬೆರೆಯುತ್ತಿದೆ ಎಂದರ್ಥ. ಅದನ್ನು ಕಡೆಗಣಿಸಿದರೆ ನೀರು, ಮಣ್ಣು ಒಳಹೊಕ್ಕು ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಸಡಿಲವಾಗುತ್ತದೆ. ಆಮೇಲೆ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಲು ತೊಡಗುತ್ತದೆ. ಎಷ್ಟೋ ಮಂದಿ ಟೈರ್ ಬದಲಿಸಿ, ಬ್ಯಾಲೆನ್ಸಿಂಗ್ ಮಾಡಿಸಿ, ನಡುಕ ತಗ್ಗಿಸುವ ಡ್ಯಾಂಪರ್ ಹಾಕಿಸಿ ಹಣ ಕಳೆದುಕೊಳ್ಳುತ್ತಾರೆ. ಮೂಲ ಇರುವುದು ಬೇರೆ ಕಡೆ.

ತುಕ್ಕಿನ ವಿಷಯಕ್ಕೆ ಬಂದರೆ ಜರ್ಮನಿಯಲ್ಲಿನ ಶತ್ರು ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು, ಇಲ್ಲಿನದು ಚಾಸಿಯೊಳಗೆ ಕುಳಿತ ಕೆಸರು. ಬಾಗಿಲಿನ ಅಡಿಯಲ್ಲಿ, ಚಾಸಿಯಲ್ಲಿ ನೀರು ಇಳಿಯಲು ಬಿಟ್ಟಿರುವ ತೂತುಗಳನ್ನು ತಂತಿಯಿಂದ ಬಿಡಿಸಿದರೆ ಅರ್ಧ ಯುದ್ಧ ಗೆದ್ದಂತೆ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಪರೀಕ್ಷಕ ಪುಟ್ಟ ಸುತ್ತಿಗೆಯಿಂದ ಚಾಸಿಯನ್ನು ತಟ್ಟಿ ಸದ್ದು ಕೇಳುತ್ತಾನೆ, ತೂತು ಬಿದ್ದಿದ್ದರೆ ಗಾಡಿ ಅನುತ್ತೀರ್ಣ. ಮೂವತ್ತು ವರ್ಷ ದಾಟಿ ಮೂಲರೂಪದಲ್ಲಿ ಚೆನ್ನಾಗಿ ಉಳಿದ ಗಾಡಿಗೆ ಅಲ್ಲಿ ವಿಶೇಷ ನಂಬರ್ ಫಲಕವೂ ಸಿಗುತ್ತದೆ. ನಮ್ಮಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣ. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯ ಚಾಸಿಗೆ ಐದು ವರ್ಷ ಬಹಳ ದೀರ್ಘ ಕಾಲ. ನಡುವೆ ಸುತ್ತಿಗೆ ಹಿಡಿಯಬೇಕಾದವರು ನಾವೇ.

ಎರಡು ವಿಷಯಗಳಲ್ಲಿ ಮಾತ್ರ ನಾನು ಅಣ್ಣನೊಡನೆ ಜಗಳವಾಡುತ್ತೇನೆ. ಗಾಡಿಯನ್ನು ಬರೀ ಜಾಕ್ ಮೇಲೆ ಎತ್ತಿ, ಪಕ್ಕಕ್ಕೆರಡು ಇಟ್ಟಿಗೆ ಇಟ್ಟು ಕೆಳಗೆ ಹೋಗುವುದು ಜೀವಕ್ಕೆ ಅಪಾಯ. ಭಾರಕ್ಕೆ ಇಟ್ಟಿಗೆ ಒಮ್ಮೆಲೇ ಸಿಡಿಯುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಎರಡು ಕೊಂಡರೆ ಜನ್ಮಕ್ಕೆ ಬರುತ್ತವೆ. ಇನ್ನೊಂದು, ತೆಗೆದ ಎಂಜಿನ್ ಎಣ್ಣೆ. ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವುದು, ಉಳಿದದ್ದನ್ನು ಹಿತ್ತಲಿಗೆ ಸುರಿಯುವುದು ನಮ್ಮಲ್ಲಿ ರೂಢಿ. ಬಾವಿ ಇರುವ ಮನೆಗಳ ಊರಿನಲ್ಲಿ ಇದು ಸಹಿಸುವಂಥದ್ದಲ್ಲ. ಜರ್ಮನಿಯಲ್ಲಿ ಎಂಜಿನ್ ಎಣ್ಣೆ ಮಾರಿದ ಅಂಗಡಿಯೇ ಅಷ್ಟು ಪ್ರಮಾಣದ ಹಳೆಯ ಎಣ್ಣೆಯನ್ನು ಉಚಿತವಾಗಿ ಹಿಂದಕ್ಕೆ ಪಡೆಯಬೇಕೆಂದು ಕಾನೂನಿದೆ. ಕೊಂಡ ರಸೀದಿ ತೋರಿಸಿ ಡಬ್ಬ ಕೊಟ್ಟು ಬಂದರಾಯಿತು.

ಅಲ್ಲಿಂದ ಬೆಳಗಾವಿಗೆ ತರಲು ಯೋಗ್ಯವಾದ ಇನ್ನೊಂದು ಏರ್ಪಾಡಿದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜ್: ಗಾಡಿ ಎತ್ತುವ ಲಿಫ್ಟ್, ಪಾನಾಗಳ ಗೋಡೆ, ಎಣ್ಣೆ ಸುರಿಯಲು ಪೀಪಾಯಿ, ಸಂದೇಹ ಬಂದರೆ ಹೇಳಿಕೊಡಲು ಒಬ್ಬ ಅನುಭವಿ. ಬಹುಮಹಡಿ ಮನೆಗಳಲ್ಲಿರುವ, ಅಂಗಳವೇ ಇಲ್ಲದ ತರುಣರು ಅಲ್ಲಿ ತಮ್ಮ ಗಾಡಿಯನ್ನು ತಾವೇ ಬಿಚ್ಚುತ್ತಾರೆ. ಉದ್ಯಮಬಾಗದಲ್ಲಿ ಒಂದು ಶೆಡ್ ಸಾಕು. ಲೇಥ್ ಪಕ್ಕದಲ್ಲೇ ಇದೆ. ಕೈ ನಡುಗಲು ಶುರುವಾದ ವಯಸ್ಸಾದ ಮಿಸ್ತ್ರಿಗಳಿಗೆ ಅಲ್ಲಿ ಹೇಳಿಕೊಡುವ ಕೆಲಸಕ್ಕೆ ಗೌರವದ ಸಂಬಳ ಕೊಡಬಹುದು. ಶೆಡ್ ಉಳ್ಳವರು ಯಾರಾದರೂ ಮುಂದೆ ಬಂದರೆ, ಲಿಫ್ಟಿನ ಖರ್ಚಿನಲ್ಲಿ ಪಾಲು ಹಾಕಲು ನಾನು ಸಿದ್ಧನಿದ್ದೇನೆ.