ಚಾಚದೇ ಉಳಿದ ಕೈ

ಅಮೆರಿಕದ ನಿರ್ದೇಶಕ ಬರ್ಟ್ ಐ. ಗಾರ್ಡನ್ ಎಂದೊಡನೆ ದೈತ್ಯ ಮನುಷ್ಯ, ದೈತ್ಯ ಜೇಡಗಳ ಅಗ್ಗದ ಚಿತ್ರಗಳೇ ನೆನಪಾಗುವುದರಿಂದ, ಅವರು 1960ರಲ್ಲಿ ತೆಗೆದ ‘ಟಾರ್ಮೆಂಟೆಡ್’ ಎಂಬ ಸುಮಾರು 75 ನಿಮಿಷಗಳ ಕಪ್ಪುಬಿಳುಪು ದೆವ್ವದ ಚಿತ್ರವನ್ನು ಗಂಭೀರವಾಗಿ ನೋಡುವವರು ಕಡಿಮೆ. 1992ರಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಅಮೆರಿಕದ ಟೀವಿ ಕಾರ್ಯಕ್ರಮ ಅದನ್ನು ಆರಂಭದಿಂದ ಕೊನೆಯವರೆಗೆ ಗೇಲಿ ಮಾಡಿತು. ಮೊದಲ ಸಲ ನಾನೂ ನಕ್ಕವನೇ. ಮೊನ್ನೆ ಮತ್ತೆ ನೋಡಿದಾಗ ನಗು ಬರಲಿಲ್ಲ.

ಜಾಝ್ ಪಿಯಾನೋ ವಾದಕ ಟಾಮ್‌ಗೆ ಸಿರಿವಂತರ ಮನೆಯ ಮೆಗ್ ಜೊತೆ ಮದುವೆ ಗೊತ್ತಾಗಿದೆ. ಅವನಿರುವ ದ್ವೀಪಕ್ಕೆ ವೈ ಎಂಬ ಹಳೆಯ ಪ್ರೇಯಸಿ ಬಂದು, ಮದುವೆಯಾಗಲು ಬಿಡುವುದಿಲ್ಲವೆಂದು ಪಾಳುಬಿದ್ದ ದೀಪಸ್ತಂಭದ ಮೇಲೆ ನಿಂತು ಜಗಳ ತೆಗೆಯುತ್ತಾಳೆ. ಕಟಕಟೆ ಮುರಿಯುತ್ತದೆ; ಜೋತಾಡುತ್ತಾ ಅವಳು ಸಹಾಯಕ್ಕೆ ಅಂಗಲಾಚುತ್ತಾಳೆ. ಟಾಮ್ ಅವಳನ್ನು ತಳ್ಳುವುದಿಲ್ಲ, ಆದರೆ ಕೈಯನ್ನೂ ಚಾಚುವುದಿಲ್ಲ; ಅವಳು ಬಿದ್ದು ಸಾಯುತ್ತಾಳೆ. ಇಡೀ ಚಿತ್ರ ನಿಂತಿರುವುದು ಈ ಕೆಲವು ಕ್ಷಣಗಳ ಮೇಲೆ. ಕಾನೂನಿನ ಕಣ್ಣಿಗೆ ಕೊಲೆಗಾರನೆಂದು ಸುಲಭವಾಗಿ ಕಾಣದ, ತನ್ನ ಮನಸ್ಸಿನಿಂದ ಮಾತ್ರ ತಪ್ಪಿಸಿಕೊಳ್ಳಲಾಗದ ಈ ಮನುಷ್ಯನನ್ನು ರಿಚರ್ಡ್ ಕಾರ್ಲ್‌ಸನ್ ಎಲ್ಲಿಯೂ ಅಬ್ಬರಿಸದೆ, ಮರ್ಯಾದಸ್ಥನೊಬ್ಬ ಒಳಗೊಳಗೇ ಕೊಳೆಯುತ್ತಿರುವಂತೆ ನಟಿಸಿದ್ದಾರೆ.

ದುಡ್ಡಿಲ್ಲದ್ದು ಈ ಚಿತ್ರಕ್ಕೆ ಬಹುಪಾಲು ಒಳ್ಳೆಯದನ್ನೇ ಮಾಡಿದೆ ಎಂಬುದು ನನ್ನ ಅನಿಸಿಕೆ. ಮರುದಿನ ಟಾಮ್ ನೀರಿನಿಂದ ಎಳೆದು ತಂದ ಹೆಣ ದಡದಲ್ಲಿ ಕಡಲಪಾಚಿಯ ರಾಶಿಯಾಗಿಬಿಡುವುದು, ಮರಳಿನ ಮೇಲೆ ಯಾರೂ ಇಲ್ಲದೆ ಹೆಜ್ಜೆಗಳು ಮೂಡುವುದು, ಕುರುಡಿ ಮನೆಯೊಡತಿಗೆ ಕೋಣೆಯೊಳಗೆ ಸುಗಂಧದ ವಾಸನೆ ಬಡಿಯುವುದು: ಇವಕ್ಕೆ ಎಷ್ಟು ಖರ್ಚಾದೀತು? ಮದುವೆಯ ದಿನ ಚರ್ಚಿನ ಬಾಗಿಲು ತಾನಾಗಿ ತೆರೆದು ಹೂಗಳೆಲ್ಲ ಬಾಡಿಹೋಗುವ ದೃಶ್ಯವಂತೂ ಎಷ್ಟೋ ಶ್ರೀಮಂತ ಚಿತ್ರಗಳಿಗಿಂತ ಮೇಲು. ಗಾಳಿಯಲ್ಲಿ ತೇಲುವ ವೈಯ ತಲೆ ಹಾಸ್ಯಾಸ್ಪದವೇ, ಒಪ್ಪುತ್ತೇನೆ. ಅಷ್ಟನ್ನೇ ಹಿಡಿದುಕೊಂಡು ಉಳಿದುದನ್ನು ತಳ್ಳಿಹಾಕುವುದು ಅನ್ಯಾಯ.

ಬ್ಲ್ಯಾಕ್‌ಮೇಲ್ ಮಾಡಲು ಬರುವ ದೋಣಿಯವನಾಗಿ ಜೋ ಟರ್ಕೆಲ್ ಇದ್ದಾರೆ. ಎರಡು ದಶಕಗಳ ನಂತರ ‘ದಿ ಶೈನಿಂಗ್’ ಚಿತ್ರದ ಬಾರಿನಲ್ಲಿ ಮದ್ಯ ಸುರಿದುಕೊಟ್ಟವರು ಇವರೇ. ಆ ದೋಣಿಯವನನ್ನು ಟಾಮ್ ಕೊಲ್ಲುವುದನ್ನು ಕಂಡವಳು ಮೆಗ್‌ಳ ಪುಟ್ಟ ತಂಗಿ ಸ್ಯಾಂಡಿ. ನಿರ್ದೇಶಕರ ಮಗಳು ಸೂಸನ್ ಗಾರ್ಡನ್ ಆ ಪಾತ್ರದಲ್ಲಿ ಎಷ್ಟು ಸಹಜವಾಗಿದ್ದಾಳೆಂದರೆ, ಅವಳನ್ನೂ ಮುಗಿಸಲು ಟಾಮ್ ಅದೇ ದೀಪಸ್ತಂಭಕ್ಕೆ ಕರೆದೊಯ್ಯುವಾಗ ದೆವ್ವದ ಭಯ ಮರೆತುಹೋಗಿ ಮನುಷ್ಯನದೇ ಭಯವಾಗುತ್ತದೆ.

ಇಷ್ಟು ಹಳೆಯ ಚಿತ್ರ, ಕೊನೆ ಹೇಳಿದರೆ ಬೈಯಬೇಡಿ. ಸಮುದ್ರದಿಂದ ಎರಡು ಹೆಣಗಳನ್ನು ತೆಗೆದು ಪಕ್ಕಪಕ್ಕ ಮಲಗಿಸುತ್ತಾರೆ. ವೈಯ ತೋಳು ಜಾರಿ ಟಾಮ್ ಮೈಮೇಲೆ ಬೀಳುತ್ತದೆ. ಬೆರಳಿನಲ್ಲಿ, ಅವನು ಮೆಗ್‌ಗೆಂದು ತಂದಿದ್ದ ಉಂಗುರವಿದೆ.