ಕೋನಿಕ್ ಸೆಕ್ಷನ್ ದಂಗೆಯೂ ಮಾವನವರ ಪಕ್ಷಾಂತರವೂ

ನಮ್ಮ ಮಾವನವರು 34 ವರ್ಷ ಗಣಿತದ ಮೇಷ್ಟ್ರಾಗಿದ್ದವರು. ಅಮೆರಿಕಕ್ಕೆ ಬಂದು ಮೂರು ವಾರವಾದರೂ ಅವರಿಗೆ ಹಿಡಿಸಿದ್ದು ಎರಡೇ: ಬಚ್ಚಲಿನ ಬಿಸಿನೀರು ಮತ್ತು ಹಿತ್ತಲಿನ ಅಳಿಲು. ನಯಾಗರವನ್ನೇ “ಎತ್ತರದಲ್ಲಿ ನಮ್ಮ ಜೋಗದ ಮುಂದೆ ಏನೂ ಅಲ್ಲ” ಎಂದು ಫೇಲು ಮಾಡಿದ್ದರು. ಮೇಷ್ಟ್ರಿಗೆ ಕಾಲೇಜು ತೋರಿಸಿದರೆ ಎಡವಟ್ಟಾಗಲಿಕ್ಕಿಲ್ಲ ಅಂದುಕೊಂಡು ಒಂದು ಶನಿವಾರ ನ್ಯೂ ಹೇವನ್‌ನ ಯೇಲ್ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದೆ. ಪಾರ್ಕಿಂಗ್ ಮೀಟರಿಗೆ ಎರಡು ಗಂಟೆಯ ದುಡ್ಡು ತುಂಬಿ ಕಾರು ನಿಲ್ಲಿಸಿದೆ. ಗೈಡ್ ಬೇರೆ ಯಾಕೆ, ನಾನಿಲ್ಲವೇ? ಹಿಂದಿನ ರಾತ್ರಿ ಕೂತು ಓದಿಕೊಂಡೂ ಇದ್ದೆ.

ಓಲ್ಡ್ ಕ್ಯಾಂಪಸ್‌ನಲ್ಲಿ ಥಿಯೊಡೋರ್ ಡ್ವೈಟ್ ವೂಲ್ಸಿ ಎಂಬ ಹಿರಿಯರು ಕುರ್ಚಿಯಲ್ಲಿ ಕಂಚಾಗಿ ಕೂತಿದ್ದಾರೆ. 1846ರಿಂದ 1871ರವರೆಗೆ ಯೇಲ್‌ನ ಅಧ್ಯಕ್ಷರಾಗಿದ್ದವರು. ಅವರ ಪಾದ ಉಜ್ಜಿದರೆ ಅದೃಷ್ಟ ಎಂದು ಬಂದವರೆಲ್ಲ ಉಜ್ಜಿ ಉಜ್ಜಿ, ಮೈಯೆಲ್ಲ ಕಪ್ಪಾದರೂ ಎಡಗಾಲಿನ ತುದಿ ಮಾತ್ರ ಹಬ್ಬಕ್ಕೆ ಬೆಳಗಿದ ದೀಪದ ಹಾಗೆ ಹೊಳೆಯುತ್ತದೆ. ವಿಷಯ ಹೇಳಿ ಮುಗಿಸುವ ಮೊದಲೇ ಮಾವ ಬೂಟು ಕಳಚಿ, ಬಗ್ಗಿ, ಎರಡೂ ಕೈಯಲ್ಲಿ ಆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರು. ಸಾಲಿನಲ್ಲಿ ಹಿಂದಿದ್ದ ಜೋಡಿಯೊಂದು, ಇದೇ ಸರಿಯಾದ ಕ್ರಮವಿರಬೇಕೆಂದು ತಾವೂ ಶೂ ಬಿಚ್ಚತೊಡಗಿತು. ನಾನು ಮಾವನನ್ನು ಮೆಲ್ಲನೆ ಕನೆಕ್ಟಿಕಟ್ ಹಾಲ್ ಕಡೆಗೆ ಸಾಗಿಸಿದೆ. ಹಳೆಯ ಕಾಲದ ಇಟ್ಟಿಗೆ ಕಟ್ಟಡಗಳ ಸಾಲಿನಲ್ಲಿ ಉಳಿದಿರುವುದು ಅದೊಂದೇ.

ಅದರ ಮುಂದೆ ನಿಂತು ನನ್ನ ಮೆಚ್ಚಿನ ಕಥೆ ತೆಗೆದೆ. 1830ರವರೆಗೆ ಇಲ್ಲಿನ ಹುಡುಗರು ಕೋನಿಕ್ ಸೆಕ್ಷನ್, ಅಂದರೆ ಶಂಕುವನ್ನು ಕತ್ತರಿಸಿದಾಗ ಸಿಗುವ ದೀರ್ಘವೃತ್ತ, ಹೈಪರ್‌ಬೋಲದಂಥ ಗೆರೆಗಳ ಪಾಠವನ್ನು ಪುಸ್ತಕದ ಚಿತ್ರ ನೋಡಿಕೊಂಡು ಒಪ್ಪಿಸಬಹುದಿತ್ತು. ಆ ವರ್ಷ, ಕಪ್ಪುಹಲಗೆಯ ಮೇಲೆ ನೀವೇ ಚಿತ್ರ ಬರೆದು ಬಿಡಿಸಿ ಅಂದರು. ಹುಡುಗರು ಒಪ್ಪಲಿಲ್ಲ. ಕಾಲೇಜೂ ಬಗ್ಗಲಿಲ್ಲ, 43 ಜನರನ್ನು, ಅಂದರೆ ತರಗತಿಯ ಹತ್ತಿರ ಹತ್ತಿರ ಅರ್ಧವನ್ನು, ಒಟ್ಟಿಗೇ ಹೊರಹಾಕಿತು. ನನಗಂತೂ ಅವರ ಮೇಲೆ ಕರುಳಿನ ಪ್ರೀತಿ. ಪಿಯುಸಿಯಲ್ಲಿ ನಾನು ಬರೆದ ಹೈಪರ್‌ಬೋಲ, ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತ ಗಂಡಹೆಂಡಿರ ಹಾಗಿದೆ ಎಂದು ಲೆಕ್ಚರರ್ ಇಡೀ ಕ್ಲಾಸಿಗೆ ತೋರಿಸಿದ್ದರು.

“ಆಗ ಪ್ರಿನ್ಸಿಪಾಲರು ಯಾರು?” ಮಾವ ಕೇಳಿದರು.

“ಜೆರೆಮಯಾ ಡೇ ಅಂತ. ಅವರೇ ಬೀಜಗಣಿತದ ಪಠ್ಯಪುಸ್ತಕ ಬರೆದಿದ್ದರು.”

“ಭೇಷ್! ಮೇಷ್ಟ್ರು ಅಂದ್ರೆ ಹಾಗಿರಬೇಕು ಅಳಿಯಂದ್ರೇ. ನಿಯಮ ಅಂದ್ರೆ ನಿಯಮ.”

ಅದಕ್ಕೆ ಎರಡು ವರ್ಷ ಮೊದಲು, 1828ರಲ್ಲಿ, ಊಟ ಸರಿಯಿಲ್ಲವೆಂದು ‘ಬ್ರೆಡ್ಡು ಬೆಣ್ಣೆ ದಂಗೆ’ ಎದ್ದಿತ್ತು ಎಂದೆ. ಮಾವ ತುಸು ಯೋಚಿಸಿ, ಊಟದ ವಿಷಯವಾದರೆ ಒಪ್ಪಬಹುದು ಅಂದರು. ಅಲ್ಲಿಗೆ ಸುಮ್ಮನಾಗದೆ ರೇಖಾಗಣಿತದ ಗ್ರೀಕ್ ಗುರು ಯೂಕ್ಲಿಡ್‌ನ ಶವಯಾತ್ರೆಯನ್ನೂ ಹೇಳಿದ್ದು ನನ್ನ ತಪ್ಪು. ರೇಖಾಗಣಿತ ಮುಗಿದ ಖುಷಿಗೆ ಹುಡುಗರು ರಾತ್ರಿ ಪಂಜು ಹಿಡಿದು ಯೂಕ್ಲಿಡ್‌ಗೆ ಅಂತ್ಯಕ್ರಿಯೆ ಮಾಡುತ್ತಿದ್ದರು. ಅವನ ಪುಸ್ತಕಕ್ಕೆ ಕಾದ ಸಲಾಕೆ ಚುಚ್ಚಿ, ‘ಈ ಬದಿಯಿಂದ ಆ ಬದಿಗೆ ದಾಟಿದೆವು’ ಅನ್ನುವುದು. ತಲೆಯ ಮೇಲೆ ಹಿಡಿಸಿಕೊಂಡು ಅದರ ‘ಅಂಡರ್’ ನಿಂತಿದ್ದಕ್ಕೆ ‘ಅಂಡರ್‌ಸ್ಟ್ಯಾಂಡ್’ ಆಯಿತು ಅನ್ನುವುದು. ಆಮೇಲೆ ಅದನ್ನು ತುಳಿದು ಹಾದುಹೋಗುವುದು.

ತುಳಿಯುವುದು ಅಂದದ್ದೇ ತಡ, ಮಾವನ ಮುಖ ಕೆಂಪಾಯಿತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. “ಆ ಹುಡುಗರಿಗೆ ಕಲಿಸುವವರು ಸಿಗಲಿಲ್ಲ. ಇಲ್ಲಿ ಕೊಡಿ ನಿಮ್ಮ ಶೂ ಲೇಸು” ಅಂದರು. ಕೊಟ್ಟೆ. ಎರಡು ಕಡ್ಡಿ ನೆಲಕ್ಕೆ ನೆಟ್ಟು, ಲೇಸಿನ ತುದಿಗಳನ್ನು ಅವಕ್ಕೆ ಕಟ್ಟಿ, ಮೂರನೆಯ ಕಡ್ಡಿಯಿಂದ ದಾರ ಬಿಗಿಹಿಡಿದು ಸುತ್ತಲೂ ಮಣ್ಣು ಗೀರಿದರು. ಅಪ್ಪಟ ದೀರ್ಘವೃತ್ತ! ನಾಲ್ಕಾರು ಹುಡುಗರು ಸೇರಿದರು. ಮಾವ ಹೊಸಪೇಟೆಯ ಇಂಗ್ಲಿಷಿನಲ್ಲಿ ನಾಭಿಗಳನ್ನು, ಅಂದರೆ ಕಡ್ಡಿ ನೆಟ್ಟ ಆ ಎರಡು ಬಿಂದುಗಳನ್ನು, ವಿವರಿಸಿದರು. ಒಬ್ಬ ಹುಡುಗಿ ಫೋಟೊ ತೆಗೆದಳು. ಇನ್ನೊಬ್ಬ ಪ್ರಶ್ನೆ ಕೇಳಿಬಿಟ್ಟ. ಮುಗಿಯಿತು, ನಿವೃತ್ತ ಮೇಷ್ಟ್ರಿಗೆ ಪ್ರಶ್ನೆ ಕೇಳಬಾರದು. ದೀರ್ಘವೃತ್ತದಿಂದ ಗ್ರಹಗಳಿಗೆ, ಗ್ರಹಗಳಿಂದ ಅವು ದೀರ್ಘವೃತ್ತದಲ್ಲೇ ಸುತ್ತುತ್ತವೆ ಎಂದ ಕೆಪ್ಲರ್‌ಗೆ ಹೋದರು. ನಾನು ಒಂದು ಶೂ ಬಿಗಿಯಾಗಿ, ಇನ್ನೊಂದು ಲೊಡಲೊಡ ಎನ್ನುತ್ತಾ ನಿಂತಿದ್ದೆ.

ಕಾರಿನ ಹತ್ತಿರ ಬಂದಾಗ ಮುಂದಿನ ಗಾಜಿನ ವೈಪರಿನ ಕೆಳಗೆ ದಂಡದ ಚೀಟಿ. ಮೀಟರಿನ ಹೊತ್ತು ಮೀರಿ ಒಂಬತ್ತು ನಿಮಿಷವಾಗಿತ್ತು. ಮಾವ ಮೊತ್ತ ನೋಡಿದರು. ತೊಂಬತ್ತಾರರಿಂದ ಗುಣಿಸಿ ರೂಪಾಯಿ ಮಾಡಿದರು.

“ಅನ್ಯಾಯ! ಒಂಬತ್ತು ನಿಮಿಷಕ್ಕೆ ಇಷ್ಟಾ? ಇದನ್ನ ಒಪ್ಪಲೇಬಾರದು ಅಳಿಯಂದ್ರೇ, ಪ್ರತಿಭಟಿಸಬೇಕು!”

“ನಿಯಮ ಅಂದ್ರೆ ನಿಯಮ ಅಲ್ವಾ ಮಾವ?”

ಅವರು ಮಾತಾಡಲಿಲ್ಲ. ಮನೆ ಹತ್ತಿರ ಬಂದ ಮೇಲೆ, ಕಿಟಕಿಯಾಚೆ ನೋಡುತ್ತಾ, “ಆ 43 ಹುಡುಗರಿಗೆ ಆಮೇಲೆ ಬೇರೆ ಕಾಲೇಜಲ್ಲಿ ಸೀಟು ಸಿಕ್ಕಿತಾ?” ಅಂತ ಕೇಳಿದರು.