ಮೆತ್ತಗೆ ಬೇರೆ, ನುಣ್ಣಗೆ ಬೇರೆ

ಹನ್ನೆರಡು ದಿನದ ಹಿಂದೆ ಕೆಳಗಿನ ಎಡಗಡೆಯ ಬುದ್ಧಿ ಹಲ್ಲು ತೆಗೆಸಿದೆ. ನೆಟ್ಟಗೆ ಹುಟ್ಟದೆ ಪಕ್ಕದ ಹಲ್ಲಿಗೆ ತಲೆ ಕೊಟ್ಟು ಅಡ್ಡ ಮಲಗಿತ್ತು. ಒಸಡು ಕೊಯ್ದು, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಮೂರು ಹೊಲಿಗೆ. ಅದಿರಲಿ, ಊಟದ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಇರುವುದು ಅಲ್ಲಿ.

ಹತ್ತಿ ಕಚ್ಚಿಸಿ ಮನೆಗೆ ಕಳಿಸುವಾಗ ಡಾಕ್ಟರ್ "ಒಂದು ವಾರ ಸಾಫ್ಟ್ ಆಗಿರೋದು ತಿನ್ನಿ" ಅಂದು ಒಂದು ಅಚ್ಚಾದ ಹಾಳೆ ಕೊಟ್ಟರು. ಮ್ಯಾಶ್ಡ್ ಪೊಟ್ಯಾಟೊ, ಓಟ್‌ಮೀಲ್, ಸ್ಮೂಥಿ, ಸ್ಕ್ರ್ಯಾಂಬಲ್ಡ್ ಎಗ್, ಐಸ್‌ಕ್ರೀಮ್. ಯಾವ ಊರಿನ ಬಾಯಿಗೆ ಬರೆದಿದ್ದೋ! ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಆಲೂಗಡ್ಡೆ ವಾಯು. ಐಸ್‌ಕ್ರೀಮ್ ಶೀತ. ಫೋನಿನಲ್ಲಿದ್ದ ದೊಡ್ಡಮ್ಮ "ಮೊಟ್ಟೆ ನಂಜು, ಗಾಯ ಮಾಗಲ್ಲ" ಅಂದರು. ಬದನೆಕಾಯಿಯೂ ನಂಜು ಅಂತ ಸೇರಿಸಿದರು, ಅದನ್ನು ಯಾರೂ ಕೇಳಿರಲಿಲ್ಲ. ಎಲ್ಲ ಕಳೆದು ಉಳಿದದ್ದು ಅನ್ನದ ಗಂಜಿ.

ಎರಡು ದಿನ ಬರೀ ಗಂಜಿ ಕುಡಿದೆ. ಮೊದಲ ದಿನ ಅದನ್ನೂ ಆರಿಸಿ ಕುಡಿಯಬೇಕು, ಬಿಸಿ ತಾಗಿದರೆ ಮತ್ತೆ ರಕ್ತ ಬರಬಹುದು. ಎರಡನೇ ದಿನ ಸಂಜೆ ಮೆಟ್ಟಿಲು ಹತ್ತುವಾಗ ಕಾಲು ನಡುಗಿತು. ಮಾತ್ರೆಗಳು ಬೇರೆ ಹೊಟ್ಟೆ ಸುಡುತ್ತಿದ್ದವು. ಗಾಯ ಕೂಡಬೇಕಾದರೆ ಪ್ರೋಟೀನ್ ಬೇಕು, ಅದು ಗಂಜಿಯಲ್ಲಿ ಎಲ್ಲಿಂದ ಬರಬೇಕು? ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಕೇಳಿದೆ. ಮೊಟ್ಟೆ ತಿನ್ನಬಹುದು ಅಂದರು. ಅಮ್ಮ ಏನೂ ಮಾತಾಡಲಿಲ್ಲ. ಆದರೆ ಆ ರಾತ್ರಿ ಹೆಸರುಬೇಳೆ ತೊವ್ವೆ ಬಂತು, ಬೆಳಿಗ್ಗೆ ಮೊಟ್ಟೆಯೂ ಬಂತು.

ಈಗ ನನ್ನ ಮುಖ್ಯ ತಕರಾರು. ಮೂರನೇ ದಿನ ಮೊಸರನ್ನ ತಿನ್ನುವ ಆಸೆಯಾಗಿ ಹೋಟೆಲಿನಿಂದ ತರಿಸಿದೆ. ಮೊಸರನ್ನಕ್ಕಿಂತ ಮೆತ್ತಗಿರುವುದು ಇನ್ನೇನಿದೆ, ಅಲ್ವಾ? ಮುಚ್ಚಳ ತೆಗೆದರೆ ಮೇಲೆ ದಾಳಿಂಬೆ ಕಾಳು, ಕ್ಯಾರೆಟ್ ತುರಿ, ಹುರಿದ ಗೋಡಂಬಿ. ಒಳಗೆ ಕಡಲೆಬೇಳೆ, ಉದ್ದಿನಬೇಳೆ, ಒಂದು ಹಿಡಿ ಸಾಸಿವೆ. ಬಾಯಿ ಆಗ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಚಮಚದ ತುದಿಯಿಂದ ಸಾಸಿವೆ ಆರಿಸುತ್ತಾ ಕಾಲು ಗಂಟೆ ಕೂತೆ. ಹಸಿವು ತಡೆಯದೆ ಕೊನೆಗೆ ಸುಮ್ನೆ ತಿಂದುಬಿಟ್ಟೆ.

ಅವತ್ತು ತಲೆಗೆ ಹೊಳೆದದ್ದು ಇಷ್ಟೇ. ಮೆತ್ತಗೆ ಬೇರೆ, ನುಣ್ಣಗೆ ಬೇರೆ. ಉಪ್ಪಿಟ್ಟು ಮೆತ್ತಗಿರುತ್ತದೆ, ನುಣ್ಣಗಿರುವುದಿಲ್ಲ. ರವೆ ಇಡ್ಲಿಯೂ ಹಾಗೇ. ಹಲ್ಲು ಕಿತ್ತ ಜಾಗದಲ್ಲಿ ಒಂದು ಗುಂಡಿ ಇರುತ್ತದೆ, ಅದರೊಳಗೆ ಹೆಪ್ಪುಗಟ್ಟಿದ ರಕ್ತವೇ ಮೂಳೆಗೆ ಮುಚ್ಚಳ. ಅದು ಕಿತ್ತು ಬಂದರೆ ಡ್ರೈ ಸಾಕೆಟ್. ನೋವು ಕಿವಿಯವರೆಗೂ ಹೋಗುತ್ತದಂತೆ, ನನಗೆ ಪುಣ್ಯಕ್ಕೆ ಆಗಲಿಲ್ಲ. ಕಾಳು ಕಡ್ಡಿ ಆ ಗುಂಡಿಗೆ ಹೋಗಿ ಕೂತರೆ ತೆಗೆಯುವುದು ಕಷ್ಟ, ಕೆದಕುವ ಹಾಗೂ ಇಲ್ಲ. ಹಾಳೆಯಲ್ಲಿ "ಒಗ್ಗರಣೆ ಬೇಡ" ಅಂತ ಎರಡು ಪದ ಇದ್ದರೆ ಸಾಕಿತ್ತು. ನಮ್ಮ ಮೆತ್ತಗಿನ ಅಡುಗೆಗೆಲ್ಲ ಕೊನೆಯಲ್ಲಿ ಬೀಳುವುದು ಒಗ್ಗರಣೆಯೇ ತಾನೆ?

ಸ್ಟ್ರಾ ಬೇಡ ಅಂತ ಮಾತ್ರ ಹಾಳೆಯಲ್ಲಿತ್ತು. ಚೀಪಿದರೆ ಹೆಪ್ಪು ಕಿತ್ತು ಬರಬಹುದು. ಎಳನೀರು ಅಂಗಡಿಗೆ ಲೋಟ ಹಿಡಿದುಕೊಂಡು ಹೋದೆ. ಅವನು ಲೋಟಕ್ಕೆ ಬಗ್ಗಿಸಿ, ಅಭ್ಯಾಸಬಲದಿಂದ ಲೋಟಕ್ಕೂ ಒಂದು ಸ್ಟ್ರಾ ಹಾಕಿಕೊಟ್ಟ.

ನಾಗಮಂಗಲದ ಕಡೆ ಹಳ್ಳಿಯಲ್ಲಿರುವ ನಮ್ಮಜ್ಜಿಗೆ ಇಪ್ಪತ್ತು ವರ್ಷದಿಂದ ಒಂದು ಹಲ್ಲೂ ಇಲ್ಲ. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಡಬ್ಬಿಯಲ್ಲೇ ಇದೆ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಾಳೆ, ಚಕ್ಕುಲಿಯನ್ನು ಹಾಲಿನಲ್ಲಿ ನೆನೆಸುತ್ತಾಳೆ. ಫೋನ್ ಮಾಡಿದರೆ ನಕ್ಕಳು. "ಮುದ್ದೆ ತಿನ್ನು. ಅಗೀಬ್ಯಾಡ ಕಣ್ ಮಗ, ನಾಲಗೇಲಿ ಅಂಗುಳಕ್ಕೆ ಒತ್ತು, ಅದೇ ಇಳೀತದೆ." ಮುದ್ದೆ ನುಂಗುವವರಿಗೆ ಹಲ್ಲಿನ ಹಂಗಿಲ್ಲ ಅಂತ ನಾನೂ ನಂಬಿದ್ದೆ. ನಾಲ್ಕನೇ ದಿನ ಕಡಲೆಕಾಯಿಯಷ್ಟು ಮುರಿದು ಖಾರವಿಲ್ಲದ ಸಾರಿನಲ್ಲಿ ಅದ್ದಿ ನುಂಗಿದೆ. ಕಣ್ಣಲ್ಲಿ ನೀರು ಬಂತು. ಕೆಳಗಿನ ಬುದ್ಧಿ ಹಲ್ಲು ತೆಗೆದರೆ ಗಂಟಲಿನ ಆ ಪಕ್ಕವೂ ನೋಯುತ್ತದೆ, ಅಗಿಯುವುದಕ್ಕಿಂತ ನುಂಗುವುದೇ ಜಾಸ್ತಿ ಕಷ್ಟ. ಅಜ್ಜಿಯ ಗಂಟಲಿಗೆ ಗಾಯ ಆಗಿರಲಿಲ್ಲವಲ್ಲ.

ನನ್ನನ್ನು ಉಳಿಸಿದ್ದು ರಾಗಿ ಹಾಲುಬಾಯಿ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲಿಗೆ ಬೆಲ್ಲ, ಕಾಯಿಹಾಲು ಹಾಕಿ ಕೈಬಿಡದೆ ಕೆದಕಿ, ತುಪ್ಪ ಸವರಿದ ತಟ್ಟೆಗೆ ಸುರಿದು ಆರಿಸುವುದು. ಸೋಸಿದ್ದರಿಂದ ಒಂದು ತರಿಯೂ ಇಲ್ಲ. ಆರಿದ ಮೇಲೇ ತಿನ್ನುವುದು, ಹಾಗಾಗಿ ಬಿಸಿಯ ಭಯವೂ ಇಲ್ಲ. ನಾಲಗೆ ಮೇಲಿಟ್ಟರೆ ತಾನಾಗೇ ಜಾರುತ್ತದೆ. ಐದನೇ ದಿನ ಅಮ್ಮ ಮಾಡಿದಳು, ಅರ್ಧ ತಟ್ಟೆ ನಾನೊಬ್ಬನೇ ಖಾಲಿ ಮಾಡಿದೆ. ಬೆಲ್ಲದ ಅಂಟು ಉಳಿಯಬಾರದು ಅಂತ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು.

ನೋಡಲು ಬಂದವರೆಲ್ಲ ಹಲ್ಲು ಕಡಲೆಯ ಗಾದೆ ಹೇಳಿ ಹೋದರು. ಐದನೆಯವರ ಹೊತ್ತಿಗೆ ನಗಲೂ ಆಗುತ್ತಿರಲಿಲ್ಲ, ಹೊಲಿಗೆ ಎಳೆಯುತ್ತಿತ್ತು.

ಏಳನೇ ದಿನ ಹೊಲಿಗೆ ಬಿಚ್ಚಿದರು. ಒಂಬತ್ತನೇ ದಿನ ರಾತ್ರಿ ಉಪ್ಪುನೀರು ಬಾಯಲ್ಲಿ ಆಡಿಸಿ ಬಗ್ಗಿ ಬಿಟ್ಟೆ. ಸಿಂಕಿನ ತಳದಲ್ಲಿ ಒಂದು ಕಪ್ಪು ಚುಕ್ಕೆ. ಬೆರಳಿನಿಂದ ಒತ್ತಿ ನೋಡಿದರೆ ಸಾಸಿವೆ! ಒಗ್ಗರಣೆಯಲ್ಲಿ ಸಿಡಿಯದೆ ಉಳಿದ ಇಡೀ ಕಾಳು. ಆ ಮೊಸರನ್ನ ತಿಂದು ಆರು ದಿನ ಆಗಿತ್ತು. ಅಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ನಮ್ಮನೇದಲ್ಲ ಇದು. ನಾನು ಹಾಕೋದು ಸಣ್ಣ ಸಾಸಿವೆ" ಅಂದಳು.